ಹಳದಿ ಚೀಟಿಗೆ ಬಾಳೆನಾರು

ವಡಪಳನಿ, ಚೆನ್ನೈ
18-7-2024

ಪ್ರೀತಿಯ ಸುಗುಣಕ್ಕನಿಗೆ ರತ್ನಾವತಿಯ ನಮಸ್ಕಾರಗಳು.

ನಿನ್ನೆ ಕೆಟ್ಟ ಕನಸು ಬಿತ್ತು. ನಮ್ಮ ಹೋಟೆಲಿನ ಪಾರ್ಸೆಲ್ ಮೇಜಿನ ಮೇಲೆ ಊಟದ ಡಬ್ಬಿಗಳು ಸಾಲಾಗಿ ಇದ್ದವು. ಎಲ್ಲದರ ಮೇಲೂ ಒಂದೇ ಬಣ್ಣದ ಚೀಟಿ. ಇವರು ಆಚೆ ತಿರುಗಿ ನಿಂತು ಡಬ್ಬಿ ಬೇರೆ ಮಾಡುತ್ತಿದ್ದರು. ಊಟಕ್ಕೆ ಬನ್ನಿ ಅಂತ ಕರೆದೆ. ತಿರುಗಿದರು ನೋಡಿ, ಕಣ್ಣಿದ್ದ ಜಾಗದಲ್ಲಿ ಎರಡು ದುಂಡನೆಯ ಚೀಟಿ ಅಂಟಿಸಿತ್ತು, ಕಿತ್ತಳೆ ಬಣ್ಣದ್ದು. ಎಚ್ಚರವಾಗಿ ನೋಡಿದರೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಾ ಮಲಗಿದ್ದಾರೆ. ಆದರೂ ಅವರ ರೆಪ್ಪೆ ಮುಟ್ಟಿ ನೋಡಿದ ಮೇಲೆಯೇ ನನಗೆ ಉಸಿರು ಬಂದದ್ದು.

ಫೋನು ಇರುವಾಗ ಇವಳೆಂತ ಕಾಗದ ಬರೆಯುತ್ತಾಳೆ ಅಂತ ನೀವು ಎಣಿಸಬಹುದು. ಫೋನಿನ ಫೋಟೋದಲ್ಲಿ ಬಣ್ಣ ಸುಳ್ಳು ಹೇಳುತ್ತದೆ, ಬಣ್ಣ ನೋಡಬೇಕಾದರೆ ವಸ್ತುವೇ ಕೈಗೆ ಬರಬೇಕು ಅಂತ ಹೋದ ವರ್ಷ ಮದುವೆ ಮನೆಯಲ್ಲಿ ನೀವೇ ಹೇಳಿದ್ದಿರಿ. ಸೀರೆಯ ಬಣ್ಣದ ಬಗ್ಗೆ ಯಾರೋ ವಾದ ಮಾಡುತ್ತಿದ್ದರು, ನೀವು ಒಂದು ಮಾತು ಹೇಳಿದ ಕೂಡಲೇ ಎಲ್ಲರೂ ಸುಮ್ಮನಾದರು. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ನಾನು ಬೀಡಿ ಕಟ್ಟಲು ಕೂತೆ, ಅದೇ ಶಾಲೆಯಿಂದ ನೀವು ಮುಂದೆ ಹೋಗಿ ಮಂಗಳೂರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬಣ್ಣ ನೋಡುವ ಮೇಜಿಗೆ ಕೂತಿರಿ. ಈ ಊರಿನಲ್ಲಿ ಯಾರನ್ನು ಕೇಳಿದರೂ "ಹೊಸ ಪ್ರಿಂಟರ್ ತೊಗೊಳ್ಳಿ" ಅನ್ನುತ್ತಾರೆ. ಹಾಗಾಗಿ ನಿಮ್ಮನ್ನೇ ಕೇಳುವುದು.

ವಿಷಯ ಇಷ್ಟು. ನಮ್ಮ ಹೋಟೆಲಿನಿಂದ ಮಧ್ಯಾಹ್ನ ಊಟದ ಡಬ್ಬಿಗಳು ಮನೆಗಳಿಗೆ, ಆಫೀಸುಗಳಿಗೆ, ಸಿನಿಮಾ ಸ್ಟುಡಿಯೋಗಳಿಗೆ ಹೋಗುತ್ತವೆ. ಈರುಳ್ಳಿ ಬೆಳ್ಳುಳ್ಳಿ ಹಾಕದ ಊಟಕ್ಕೆ ಹಳದಿ ಚೀಟಿ, ಹಾಕಿದ್ದಕ್ಕೆ ಕಿತ್ತಳೆ ಚೀಟಿ. ಕೊಂಡೊಯ್ಯುವವರಲ್ಲಿ ತಮಿಳರು, ಒಡಿಶಾದವರು, ನೇಪಾಳದವರು ಎಲ್ಲ ಇದ್ದಾರೆ. ಅಕ್ಷರ ಬೇಡ, ಬಣ್ಣ ಸಾಕು ಅಂತ ನಮ್ಮ ಧಣಿ ಕಿಟ್ಟಣ್ಣ ಮಾಡಿದ ಕ್ರಮ ಅದು. ಚೀಟಿ ಪ್ರಿಂಟ್ ಮಾಡುವುದು ಆಫೀಸಿನಲ್ಲಿ ನಾನು, ಮೊದಲು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವಳು. ಡಬ್ಬಿಗೆ ಅಂಟಿಸುವುದು ಅಡುಗೆಮನೆಯವರು. ಅಂಟಿಸಿ ಬಂದ ಡಬ್ಬಿಗಳನ್ನು ಬಣ್ಣ ನೋಡಿ ಬೇರೆ ಬೇರೆ ದಾರಿಗೆ ಹಾಕುವುದು ಇವರು.

ಹೋದ ಗುರುವಾರ ಪುರಸೈವಾಕ್ಕಂನ ಅಂಬುಜಮ್ಮನವರ ಮನೆಗೆ ಕಿತ್ತಳೆ ಡಬ್ಬಿ ಹೋಯಿತು. ಅವರು ಮಾಧ್ವರು, ರಾಯರ ಭಕ್ತೆ, ಈರುಳ್ಳಿಯ ಗಾಳಿ ಸೋಕಿದರೂ ಆಗುವುದಿಲ್ಲ. ಫೋನು ಎತ್ತಿದ್ದು ನಾನೇ. "ಗುರುವಾರದ ದಿನ ವೆಂಗಾಯ ಸಾಂಬಾರ್ ಕಳ್ಸಿದ್ದೀರಲ್ಲಮ್ಮಾ! ನಿಮ್ಮನ್ನ ನಂಬಿ ತಾನೆ ನಾನು ತಿನ್ನೋದು? ಒಂದು ತುತ್ತು ಒಳಗೆ ಹೋಗೇ ಬಿಡ್ತು. ಬಾಯಿ ತೊಳ್ಕೊಂಡು ಕೂತಿದೀನಿ, ಹಸಿವು ಬೇರೆ" ಅಂದರು. ಬೈದಿದ್ದರೆ ವಾಸಿಯಿತ್ತು. ಹಸಿವು ಅಂದದ್ದನ್ನು ಹೇಗೆ ತಡೆದುಕೊಳ್ಳುವುದು?

ಕಿಟ್ಟಣ್ಣ ಇವರನ್ನು ಕರೆದು, "ಐತಾ, ಕಣ್ಣಿಗೆ ಎಂತ ಆಯಿತು ಮಾರಾಯ?" ಅಂತ ಕೇಳಿದರು. ಇವರು, "ವಯಸ್ಸಾಯ್ತಲ್ಲ ಧಣಿ" ಅಂದರು, ಅಷ್ಟೇ. ಹೀಗೆಯೇ ನಡೆದರೆ ಊರಿಗೆ ಹೋಗಿ ಆರಾಮ ಮಾಡು ಅನ್ನುತ್ತಾರೆ, ಅನ್ನದೆ ಇರುತ್ತಾರಾ? ಟೇಬಲ್ ಒರೆಸಲು ಬಂದವರು ಇವರು, ಈಗ ಯಾವ ಡಬ್ಬಿ ಯಾವ ಬೀದಿಯ ಯಾವ ಮೆಟ್ಟಿಲು ಹತ್ತುತ್ತದೆ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಆ ಮೇಜು ಬಿಟ್ಟರೆ ಇವರಿಗೆ ಬೇರೆ ಊರಿಲ್ಲ.

ಇವರ ಕಣ್ಣು ಹೋದದ್ದಾ, ಇಲ್ಲ ನನ್ನ ಪ್ರಿಂಟರು ಕೆಟ್ಟದ್ದಾ? ನನಗೆ ತಿಳಿಯುತ್ತಿಲ್ಲ. ಎರಡು ಬಣ್ಣದ ಎರಡು ಚೀಟಿ ಇಟ್ಟಿದ್ದೇನೆ. ಊರಿಗೆ ಹೊರಟ ಅಡುಗೆಯವರೊಬ್ಬರು ಕೋಯಂಬೇಡಿನಲ್ಲಿ ಬಸ್ಸು ಹತ್ತುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಮಡಚಬೇಡಿ ಅಂತ ಎಷ್ಟು ಸಲ ಹೇಳಿದ್ದೇನೋ, ಅವರಿಗೂ ಸಾಕಾಗಿದೆ.

ನಿಮ್ಮ
ರತ್ನಾವತಿ


ಮಂಗಳೂರು
27-7-2024

ರತ್ನಾ,

ಕಾಗದ ಬಂತು. ಮಡಚಿರಲಿಲ್ಲ. ತಂದುಕೊಟ್ಟವರು "ಈ ಕವರು ಇನ್ನು ನಿಮ್ಮ ಜವಾಬ್ದಾರಿ" ಅಂತ ಹೇಳಿ, ಚಹಾ ಕೂಡ ಕುಡಿಯದೆ ಓಡಿದರು. ಅಷ್ಟು ಹೆದರಿಸಿದ್ದೀ ನೀನು.

ಐತಣ್ಣನ ರೆಪ್ಪೆ ಮುಟ್ಟುವುದು ಬಿಡು, ಪಾಪ, ಮಲಗಲಿ.

ಚೀಟಿ ನೋಡಿದೆ. ಹಳದಿಯಲ್ಲಿ ಕೆಂಪು ಬೆರೆತಿದೆ. ಕಿತ್ತಳೆಯಲ್ಲೂ ಕೆಂಪು ಜಾಸ್ತಿ. ನಿಮ್ಮದು ನಾಲ್ಕು ಇಂಕಿನ ಪ್ರಿಂಟರು ತಾನೇ? ಹಳದಿ ಇಂಕು ಬೀಳುವ ತೂತು ಕಟ್ಟಿಕೊಂಡರೆ ಕೆಂಪು ಮುಂದೆ ಬರುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆಯ ಹಾಳೆ ಅಂತ ಒಂದು ಇರುತ್ತದೆ. ಅದನ್ನು ತೆಗೆ. ನಾಲ್ಕು ಬಣ್ಣದ ಗೆರೆ ಬರುತ್ತದೆ, ಎಲ್ಲಿಯಾದರೂ ಗೆರೆ ತುಂಡಾಗಿದೆಯಾ ನೋಡು. ಇಂಕಿನ ಬಾಟಲಿ ಬೇರೆ ಕಂಪನಿಯದು ಹಾಕಿದ್ದಾರಾ, ಚೀಟಿಯ ಕಾಗದ ಬದಲಾಗಿದೆಯಾ, ಅದನ್ನೂ ಕೇಳು. ಕೊನೆಯದಾಗಿ, ಯಾರಾದರೂ ಸೆಟ್ಟಿಂಗು ಮುಟ್ಟಿದ್ದಾರಾ?

ಒಮ್ಮೆಗೆ ಒಂದನ್ನೇ ನೋಡು. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಚೀಟಿಯ ಅಂಚು ಎಷ್ಟು ನೇರ ಕತ್ತರಿಸಿದ್ದೀ! ನಮ್ಮ ಪ್ರೆಸ್ಸಿಗೆ ಬರುವ ಹುಡುಗಿಯರಿಗೆ ತೋರಿಸಿದೆ. ಬೀಡಿ ಎಲೆ ಕತ್ತರಿಸಿದ ಕೈ ಅಂದರೆ ಅವರಿಗೆ ಅರ್ಥವಾಗಲಿಲ್ಲ. ಚೀಟಿಯ ಹಿಂಬದಿಯಲ್ಲಿ ತಾರೀಕು ಬರೆದದ್ದು ಇನ್ನೂ ಒಳ್ಳೆಯದು. ಯಾರು ಹೇಳಿಕೊಟ್ಟರು ನಿನಗೆ?

ಸುಗುಣ


ವಡಪಳನಿ
5-8-2024

ಪ್ರೀತಿಯ ಸುಗುಣಕ್ಕನಿಗೆ,

ತಾರೀಕು ಬರೆಯಲು ಯಾರೂ ಹೇಳಿಕೊಟ್ಟದ್ದಲ್ಲ. ನಿಮ್ಮ ಮೇಜಿನ ಮೇಲೆ ಬೇರೆಯವರ ಚೀಟಿಯೊಂದಿಗೆ ಬೆರೆತುಹೋದರೆ ಅಂತ ಹೆದರಿ ಬರೆದೆ. ಆದರೆ ನೀವು ಒಳ್ಳೆಯದು ಅಂದದ್ದನ್ನು ಇವರಿಗೆ ಓದಿ ಹೇಳಿದೆ. ಇವರು, "ಮತ್ತೆ? ನಾನು ಮೊದಲೇ ಹೇಳಲಿಲ್ಲವಾ ನೀನು ಹುಷಾರು ಅಂತ" ಅಂದರು. ಯಾವಾಗ ಹೇಳಿದ್ದು ಅಂತ ನನಗಂತೂ ನೆನಪಿಲ್ಲ.

ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ಪರೀಕ್ಷೆಯ ಹಾಳೆ ತೆಗೆಯಲು ಧಣಿಯ ಮಗ ದೀಕ್ಷಿತನನ್ನು ಕರೆದೆ. ಅವನು ಇಲ್ಲೇ ಹುಟ್ಟಿ ಓದಿದವನು, ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. "ಅಕ್ಕಾ, ಎಲ್ಲಾಂ ಸರಿಯಾ ಇರುಕ್ಕು. ಸೆಟ್ಟಿಂಗ್ಸ್ ಮಟ್ಟುಂ ತೊಡಾದೀಂಗ" ಅಂದ. ಮುಟ್ಟಬೇಡ ಅಂತ. ನಾನೇಕೆ ಮುಟ್ಟಲಿ? ನಾನು ಏನನ್ನೂ ಮುಟ್ಟಿಲ್ಲ. ಗೆರೆಗಳು ನಾಲ್ಕೂ ಸರಿ ಇದ್ದವು, ಎಲ್ಲೂ ತುಂಡಾಗಿಲ್ಲ. ಇಂಕು ಅದೇ ಕಂಪನಿಯದು. ಕಾಗದ ಅದೇ ಅಂಗಡಿಯದು. ಎಲ್ಲವೂ ಸರಿ ಇರುವುದೇ ನನಗೆ ದೊಡ್ಡ ಮಂಡೆಬಿಸಿ. ಪ್ರಿಂಟರು ಸರಿ ಇದ್ದರೆ ಇವರ ಕಣ್ಣು ಸರಿ ಇಲ್ಲ ಅಂತ ಆಯಿತಲ್ಲ.

ಮೊನ್ನೆ ಮತ್ತೆ ತಪ್ಪಾಯಿತು. ಅಂಬುಜಮ್ಮನವರ ಡಬ್ಬಿಯೇ. ಈ ಸಲ ಅವರು ಮುಚ್ಚಳ ತೆಗೆದು ಮೂಸಿ ನೋಡಿ ಹಾಗೆಯೇ ವಾಪಸು ಕಳಿಸಿದರು. ಕಿಟ್ಟಣ್ಣ ಇವರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗು ಅಂದರು. ಇವರು ಒಪ್ಪುತ್ತಿಲ್ಲ. ನಾನೂ ಅತ್ತು ಹೇಳಿದೆ. "ಡಾಕ್ಟರು ಎಂತ ಹೊಸತು ಹೇಳುವುದು? ಸುಮ್ಮನಿರು" ಅಂತಾರೆ. ಹೆದರಿಕೆ ಅಕ್ಕಾ, ಗಂಡಸರಿಗೆ ಡಾಕ್ಟರೆಂದರೆ ನಮಗಿಂತ ಹೆದರಿಕೆ.

ಇನ್ನೊಂದು ಹೇಳಬೇಕು. ಕಿಟ್ಟಣ್ಣನಿಗೆ ಗೊತ್ತಿಲ್ಲ. ನಿನ್ನೆಯಿಂದ ಇವರು ಅಡುಗೆಮನೆಯಲ್ಲಿ ಈರುಳ್ಳಿ ಇಲ್ಲದ ಊಟ ತುಂಬುವ ಕಡೆ ಹೋಗಿ ನಿಂತು, ತುಂಬಿದ ಕೂಡಲೇ ಆ ಡಬ್ಬಿಗಳ ಹಿಡಿಗೆ ಬಾಳೆನಾರು ಕಟ್ಟುತ್ತಿದ್ದಾರೆ. ಹೂವಾಡಗಿತ್ತಿಯ ಹತ್ತಿರ ಕೇಳಿ ತಂದ ನಾರು. ಮೇಜಿನ ಮೇಲೆ ನಾರು ಮುಟ್ಟಿ ನೋಡಿ ಬೇರೆ ಮಾಡುತ್ತಾರೆ. ಕಣ್ಣು ಹೋದವರು ಮುಟ್ಟಿ ನೋಡುವ ಹಾಗೆ. ನಾನು ನೋಡಿದೆ ಅಂತ ಅವರಿಗೆ ಗೊತ್ತಿಲ್ಲ. ಸ್ಟೋರಿನ ಹಿಂದೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದೆ.

ಹೊಸ ಚೀಟಿಗಳನ್ನು ಇಟ್ಟಿದ್ದೇನೆ. ಈ ಸಲ ಬಣ್ಣ ಚೆನ್ನಾಗಿ ಬಂದಿದೆ ಅಂತ ನನಗೆ ಕಾಣುತ್ತದೆ. ನೀವು ನೋಡಿ ಹೇಳಿ. ನೀವು ಹೇಳಿದರೆ ಮುಗಿಯಿತು.

ನಿಮ್ಮ
ರತ್ನಾವತಿ


ವಡಪಳನಿ
2-9-2024

ಸುಗುಣಕ್ಕಾ,

ನಿಮ್ಮ ಉತ್ತರ ಬರಲಿಲ್ಲ. ಕಾಗದ ಸಿಕ್ಕಿಲ್ಲವೋ ಅಂತ ಕೊಂಡುಹೋದವರನ್ನು ಕೇಳಿಸಿದೆ, ಕೈಯಲ್ಲೇ ಕೊಟ್ಟೆ ಅಂದರಂತೆ. ಹಾಗಾದರೆ ನಾನೇ ಎಂತದೋ ತಪ್ಪು ಬರೆದಿದ್ದೇನೆ. ನಾನು ಕಳಿಸಿದ ಕಾಗದವನ್ನು ಮನಸ್ಸಿನಲ್ಲೇ ಎಷ್ಟು ಸಲ ಓದಿದೆನೋ. "ನೀವು ಹೇಳಿದರೆ ಮುಗಿಯಿತು" ಅಂತ ಬರೆದದ್ದು ಅಧಿಕಪ್ರಸಂಗ ಆಯಿತಾ? ನಿಮಗೆ ನಿಮ್ಮದೇ ಕೆಲಸ ಎಷ್ಟಿದೆಯೋ. ಬಣ್ಣಬಣ್ಣದ ದೊಡ್ಡ ಪುಸ್ತಕಗಳು ನಿಮ್ಮ ಮೇಜಿಗೆ ಬರುವಾಗ ನಾನು ಸಾಂಬಾರಿನ ಚೀಟಿ ಕಳಿಸುತ್ತೇನೆ. ಫೋನು ಮಾಡೋಣ ಅಂತ ಎರಡು ಸಲ ನಂಬರು ಒತ್ತಿ ಇಟ್ಟುಬಿಟ್ಟೆ. ಬೇಜಾರಾಗಿದ್ದರೆ ನಿಮ್ಮ ದನಿಯಲ್ಲೇ ಗೊತ್ತಾಗುತ್ತದೆ, ಅದನ್ನು ಕೇಳುವ ಧೈರ್ಯ ನನಗಿಲ್ಲ.

ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಕಿಟ್ಟಣ್ಣ ತೀರ್ಮಾನ ಹೇಳಿದ್ದಾರೆ. ಇವರು ಹುಷಾರಿಲ್ಲದೆ ಒಂದು ದಿನ ರಜೆ ಹಾಕಿದರು. ಅಂದು ನಾರು ಕಟ್ಟುವವರು ಯಾರೂ ಇಲ್ಲ, ಮೇಜಿಗೆ ಬೇರೆಯವರು ನಿಂತರು. ಆ ದಿನ ಐದಾರು ಮನೆಯ ಡಬ್ಬಿ ಅದಲುಬದಲು. ಮರುದಿನ ಬೈಗುಳ ಮಾತ್ರ ಇವರಿಗೆ. ಐತ ಕಣ್ಣು ಕಾಣದೆ ಅಂದಾಜಿನಲ್ಲಿ ನಡೆಸುತ್ತಿದ್ದ, ಬೇರೆಯವರಿಗೆ ಸರಿಯಾಗಿ ಹೇಳಿಕೊಡಲೂ ಇಲ್ಲ ಅಂತ. ಆಯುಧ ಪೂಜೆ ಮುಗಿಸಿಕೊಂಡು ಊರಿಗೆ ಹೋಗು ಐತಾ, ಮರ್ಯಾದೆಯಿಂದ ಕಳಿಸಿಕೊಡುತ್ತೇನೆ ಅಂದರು ಕಿಟ್ಟಣ್ಣ. ಅವರು ಕೆಟ್ಟವರಲ್ಲ, ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಇವರು "ಆಯಿತು ಧಣಿ" ಅಂದು ಮೇಜು ಒರೆಸಲು ಹೋದರು.

ಈ ವಾರದ ಚೀಟಿಯನ್ನೂ ಇಟ್ಟಿದ್ದೇನೆ. ನೋಡಬೇಕು ಅಂತಿಲ್ಲ. ನೋಡಿದರೆ ಉಪಕಾರ.

ರತ್ನಾವತಿ


ಮಂಗಳೂರು
14-9-2024

ರತ್ನಾ,

ನಿನ್ನ ಮೇಲೆ ಯಾರಿಗೆ ಬೇಜಾರು? ಅಷ್ಟು ದೂರದಲ್ಲಿ ಕೂತು ನನ್ನ ಮುಖವನ್ನು ನೀನೇ ಬರೆದುಕೊಂಡು, ನೀನೇ ಹೆದರುತ್ತೀ.

ನಾನು ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳುತ್ತೇನೆ. ಆಗಸ್ಟಿನಲ್ಲಿ ನನ್ನ ಬಲಗಣ್ಣಿಗೆ ಪೊರೆಯ ಆಪರೇಶನ್ ಆಯಿತು. ಎಡಗಣ್ಣಿನದು ಇನ್ನೂ ಬಾಕಿ. ಎಡಗಣ್ಣಿಗೆ ಜಗತ್ತು ಚಹಾದ ನೀರಿನಲ್ಲಿ ಅದ್ದಿದ ಹಾಗೆ, ಬಲಗಣ್ಣಿಗೆ ಈಗಷ್ಟೇ ಒಗೆದು ನೀಲಿ ಹಾಕಿದ ಹಾಗೆ. ನಿನ್ನ ಹಳದಿ ಚೀಟಿ ಒಂದು ಕಣ್ಣಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು. ಚೆನ್ನಾಗಿ ಬಂದಿದೆ ಅಂತ ನೀನು ಬರೆದಿದ್ದೀ, ನನಗೆ ಅದು ಹಳದಿಯೇ ಅಲ್ಲ. ಇಷ್ಟು ವರ್ಷ ಬಣ್ಣ ನೋಡಿ ಸಹಿ ಹಾಕಿದ ನನಗೆ ಯಾವ ಕಣ್ಣನ್ನು ನಂಬಬೇಕು ಅಂತ ಗೊತ್ತಾಗಲಿಲ್ಲ. ಗೊತ್ತಿಲ್ಲ ಅಂತ ಬರೆಯಲು ಅಭಿಮಾನ ಬಿಡಲಿಲ್ಲ. ಅದಕ್ಕೆ ಸುಮ್ಮನಿದ್ದೆ. ಐತಣ್ಣನ ಮೇಜಿನ ಸುದ್ದಿ ಓದಿದ ಮೇಲೆ ಅಭಿಮಾನಕ್ಕೆ ನಾಚಿಕೆಯಾಯಿತು.

ಪ್ರೆಸ್ಸಿನಲ್ಲಿ ನನ್ನ ಪಕ್ಕದ ಮೇಜಿನ ವೀಕ್ಷಾ ಅಂತ ಒಬ್ಬಳಿದ್ದಾಳೆ. ಒಳ್ಳೆಯ ಕಣ್ಣು. ಅವಳಿಗೆ ಏನೂ ಹೇಳದೆ ನಿನ್ನ ಮೂರು ಹಳದಿ ಚೀಟಿ ಕೊಟ್ಟು, ಕೆಂಪು ಕಡಿಮೆ ಇರುವುದರಿಂದ ಜಾಸ್ತಿ ಇರುವುದರ ಕಡೆಗೆ ಸಾಲಾಗಿ ಇಡು ಅಂದೆ. ಇಟ್ಟಳು. ತಿರುಗಿಸಿ ತಾರೀಕು ನೋಡಿದೆ. ಜುಲೈ, ಆಗಸ್ಟ್, ಸೆಪ್ಟೆಂಬರ್. ನೀನು ತಾರೀಕು ಬರೆಯದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ ಮಾರಾಯ್ತಿ. ಸೆಪ್ಟೆಂಬರಿನ ಹಳದಿಯನ್ನು ಜುಲೈಯ ಕಿತ್ತಳೆಯ ಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಇವೆ. ನಿಮ್ಮ ಅಡುಗೆಮನೆಯಲ್ಲಿ ಹಳೆಯ ಕಿತ್ತಳೆ ಚೀಟಿ ಉಳಿದಿದ್ದು, ಅದರ ಜೊತೆ ಹೊಸ ಹಳದಿ ಬಂದರೆ ಯಾವ ಕಣ್ಣೂ ಬೇರೆ ಮಾಡಲಾರದು.

ಯಂತ್ರ ಕೆಟ್ಟರೆ ಒಮ್ಮೆ ಕೆಟ್ಟು ಅಲ್ಲೇ ನಿಲ್ಲುತ್ತದೆ. ಹೀಗೆ ಪ್ರತಿಸಲ ಸ್ವಲ್ಪ ಸ್ವಲ್ಪ ಏರುವುದು ಯಾರದೋ ಕೈಯ ಕೆಲಸ. ಹೆದರಬೇಡ, ತಪ್ಪು ಹುಡುಕುತ್ತಿಲ್ಲ. ಒಂದು ಕೆಲಸ ಮಾಡು. ಮೊದಲ ಹಾಳೆ ಪ್ರಿಂಟರಿನಿಂದ ಹೊರಬಂದಲ್ಲಿಂದ ಅದು ಅಡುಗೆಮನೆ ಸೇರುವ ತನಕ ನೀನು ಎಲ್ಲಿ ನಿಲ್ಲುತ್ತೀ, ಎಂತ ನೋಡುತ್ತೀ, ಎಂತ ಮಾಡುತ್ತೀ, ಎಲ್ಲ ಬರೆ. ಇದು ಬರೆಯುವಂಥದ್ದಲ್ಲ ಅಂತ ನಿನಗೆ ಅನಿಸಿದ್ದನ್ನು ಮೊದಲು ಬರೆ.

ಸುಗುಣ


ವಡಪಳನಿ
22-9-2024

ಪ್ರೀತಿಯ ಸುಗುಣಕ್ಕನಿಗೆ,

ನಿಮ್ಮ ಕಣ್ಣಿಗೆ ಹೀಗಾದದ್ದು ಗೊತ್ತಿಲ್ಲದೆ ನಾನು ಬಣ್ಣ ನೋಡಿ, ಬಣ್ಣ ನೋಡಿ ಅಂತ ಪೀಡಿಸಿದೆನಲ್ಲ. ಕಣ್ಣಿಗೆ ಮದ್ದು ಸರಿಯಾಗಿ ಬಿಡುತ್ತೀರಾ? ಧೂಳಿಗೆ ಹೋಗಬೇಡಿ. ಒಂದು ಕಣ್ಣು ಮುಚ್ಚಿ ಒಂದು ತೆರೆದು ನನ್ನ ಚೀಟಿ ನೋಡಿದ್ದೀರಿ ಅಂತ ಎಣಿಸಿದರೆ, ಅಷ್ಟು ದೊಡ್ಡವರು ನನಗಾಗಿ ಮಾಡಿದ್ದು ಅಂತ ಸಂಕೋಚವಾಗುತ್ತದೆ.

ನೀವು ಹೇಳಿದ ಹಾಗೆ ಬರೆಯುತ್ತೇನೆ. ಮೊದಲು ನಮ್ಮ ಆಫೀಸು ಮಹಡಿಯಲ್ಲಿತ್ತು. ಕಿಟಕಿಯಿಂದ ಮುರುಗನ ಗೋಪುರ ಕಾಣುತ್ತಿತ್ತು. ಜೂನಿನಲ್ಲಿ ಆ ಕೋಣೆಯನ್ನು ಎಸಿ ಹಾಲ್ ಮಾಡಿ, ನಮ್ಮನ್ನು ಮೆಟ್ಟಿಲಿನ ಕೆಳಗಿನ ಕೋಣೆಗೆ ಇಳಿಸಿದರು. ದೇವರ ಹಲಗೆಯೂ ನನ್ನ ಜೊತೆ ಇಳಿಯಿತು. ಮೇಲೆ ಎಣ್ಣೆಯ ದೀಪ ಇತ್ತು. ಇಲ್ಲಿ ಕಾಗದದ ರಾಶಿ ಇರುವುದರಿಂದ ಬೆಂಕಿ ಬೇಡ ಅಂತ ದೀಕ್ಷಿತ್ ಕರೆಂಟಿನ ದೀಪ ತಂದು ಹಾಕಿದ. ಎರಡೂ ಕಡೆ ಕೆಂಪು ಬಲ್ಬು, ದೀಪದ ಕುಡಿಯ ಹಾಗೆ. ನೋಡಿದರೆ ಕೈ ತಾನಾಗಿ ಮುಗಿಯುತ್ತದೆ. ಕೋಣೆಯ ಟ್ಯೂಬ್‌ಲೈಟು ನಾವು ಇಳಿದ ವಾರವೇ ಹೋಯಿತು. ಆಯುಧ ಪೂಜೆಗೆ ಮೊದಲು ಹಾಕಿಸುತ್ತಾರಂತೆ. ನನಗೇನೂ ತೊಂದರೆ ಇಲ್ಲ, ಕಂಪ್ಯೂಟರಿನ ಬೆಳಕು ಉಂಟು, ದೇವರ ಬೆಳಕು ಉಂಟು.

ಮೊದಲ ಹಾಳೆ ಬಂದ ಕೂಡಲೇ ಅದನ್ನು ದೇವರ ಹಲಗೆಯ ಮೇಲೆ ಇಡುತ್ತೇನೆ. ಇದು ನಾನು ಮಾಡಿದ ಕ್ರಮವಲ್ಲ, ಹೋಟೆಲಿನದೇ. ಬೆಳಗಿನ ಮೊದಲ ದೋಸೆ, ಮೊದಲ ಲೋಟ ಕಾಫಿ ದೇವರ ಮುಂದೆ ಹೋಗುತ್ತದೆ, ಪ್ರಿಂಟರಿನ ಮೊದಲ ಹಾಳೆ ಮಾತ್ರ ಯಾಕೆ ಹೋಗಬಾರದು ಅಂತ. ಅಲ್ಲಿಯೇ ನಿಂತು ಬಣ್ಣ ನೋಡುತ್ತೇನೆ. ದೇವರ ಬೆಳಕಿನಲ್ಲಿ ನೋಡಿದ್ದು ತಪ್ಪಾಗಲಿಕ್ಕಿಲ್ಲ ಅಂತ ನನಗೊಂದು ಧೈರ್ಯ. ಕಿತ್ತಳೆ ಯಾವಾಗಲೂ ಸಪ್ಪೆ ಕಾಣುತ್ತದೆ, ಜ್ವರ ಬಿಟ್ಟವರ ಮುಖದ ಹಾಗೆ. ಆಗ ಕೂತು ಕಂಪ್ಯೂಟರಿನಲ್ಲಿ ಕೆಂಪಿನ ಗೆರೆಯ ಮೇಲಿನ ಗುಂಡಿಯನ್ನು ಒಂಚೂರು ಬಲಕ್ಕೆ ಎಳೆದು, ಉಳಿದ ಹಾಳೆಗಳನ್ನು ತೆಗೆಯುತ್ತೇನೆ. ಕವರಿಗೆ ಹಾಕಿ ಅಡುಗೆಮನೆಗೆ ಕಳಿಸುತ್ತೇನೆ. ಅಷ್ಟೇ.

ಇದನ್ನು ಸೆಟ್ಟಿಂಗು ಮುಟ್ಟುವುದು ಅಂತ ನಾನು ಎಣಿಸಲೇ ಇಲ್ಲ ಅಕ್ಕಾ. ಸಾಂಬಾರಿಗೆ ಉಪ್ಪು ಕಡಿಮೆಯಾದರೆ ಒಂಚೂರು ಹಾಕುವುದಿಲ್ಲವಾ, ಹಾಗೆ. ಈಗ ಬರೆಯುವಾಗ ಹೆದರಿಕೆಯಾಗುತ್ತಿದೆ. ಬೇಗ ಉತ್ತರ ಬರೆಯಿರಿ.

ರತ್ನಾವತಿ


ಮಂಗಳೂರು
28-9-2024

ರತ್ನಾ,

ಒಂದು ಬಿಳಿ ಕಾಗದದ ಮೇಲೆ ಕೆಂಪು ಪೆನ್ನಿನಿಂದ ನಿನ್ನ ಹೆಸರು ಬರೆ. ಕಂಪ್ಯೂಟರ್ ಆರಿಸಿ, ಬಾಗಿಲು ಹಾಕಿ, ಆ ಕಾಗದವನ್ನು ದೇವರ ಹಲಗೆಯ ಹತ್ತಿರ ಹಿಡಿ. ಆಮೇಲೆ ಹೋಟೆಲಿನ ಎದುರು ಬಾಗಿಲಿಗೆ ತಂದು ನೋಡು.

ಕೆಂಪು ಬೆಳಕಿನಲ್ಲಿ ಕೆಂಪು ಅಡಗುತ್ತದೆ. ಹಳದಿ, ಕಿತ್ತಳೆ ಎಲ್ಲವೂ ಬಿಳಿಯ ಹಾಗೆ ಸಪ್ಪೆಯಾಗುತ್ತವೆ. ನಿನ್ನ ಕಣ್ಣು ಕಂಡದ್ದನ್ನೇ ಹೇಳಿತು, ನಿನ್ನ ಕೈ ಕಣ್ಣು ಹೇಳಿದ್ದನ್ನೇ ಮಾಡಿತು. ದೇವರದ್ದೂ ತಪ್ಪಿಲ್ಲ. ಕ್ರಮ ಬಿಡಬೇಡ, ಮೊದಲ ಹಾಳೆ ಅಲ್ಲಿಯೇ ಇಡು. ಬಣ್ಣ ಮಾತ್ರ ಹಗಲಿನ ಬೆಳಕಿಗೆ ತಂದು ನೋಡು. ಆ ಗುಂಡಿಯನ್ನು ಮೊದಲಿದ್ದಲ್ಲಿಗೆ ತರಲು ದೀಕ್ಷಿತನಿಗೆ ಹೇಳು. ಹಳೆಯ ಚೀಟಿಗಳನ್ನೆಲ್ಲ ಒಲೆಗೆ ಹಾಕು.

ಇನ್ನೊಂದು ಮಾತು. ನಾರಿನ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ನನಗೆ ಕಣ್ಣು ಕೈಕೊಟ್ಟಾಗ ನಾನು ಎಂತ ಮಾಡಿದೆ? ಬೇರೆಯವರ ಕಣ್ಣು ಕೇಳಿದೆ. ಐತಣ್ಣ ಯಾರನ್ನೂ ಕೇಳಲಿಲ್ಲ. ಚೀಟಿಯನ್ನು ನೋಡದೆ ಊಟ ತುಂಬುವ ಜಾಗಕ್ಕೇ ಹೋಗಿ ನಿಂತು ನಾರು ಕಟ್ಟಿದರು. ಅವರು ನಂಬದೆ ಇದ್ದದ್ದು ತಮ್ಮ ಕಣ್ಣನ್ನಲ್ಲ, ಚೀಟಿಯನ್ನು. ನನಗೆ ಹಾಗೆ ಕಾಣುತ್ತದೆ. ನೀನೇ ಕೇಳು.

ಸುಗುಣ


ವಡಪಳನಿ
13-10-2024

ಪ್ರೀತಿಯ ಸುಗುಣಕ್ಕನಿಗೆ ಸಾವಿರ ನಮಸ್ಕಾರ.

ನೀವು ಹೇಳಿದ ಹಾಗೆ ಕೆಂಪು ಪೆನ್ನಿನಿಂದ ರತ್ನಾವತಿ ಅಂತ ದೊಡ್ಡದಾಗಿ ಬರೆದು, ಬಾಗಿಲು ಹಾಕಿ, ದೇವರ ಮುಂದೆ ಹಿಡಿದೆ. ಅಕ್ಕಾ, ನನ್ನ ಹೆಸರೇ ಇರಲಿಲ್ಲ. ಖಾಲಿ ಕಾಗದ. ಇದೆಂತ ಅಪಶಕುನ ಅಂತ ಎಣಿಸಿದೆ. ಎದುರು ಬಾಗಿಲಿಗೆ ಓಡಿದೆ. ಬಿಸಿಲಿಗೆ ಹಿಡಿದ ಕೂಡಲೇ ಹೆಸರು ಇದ್ದಲ್ಲೇ ಇತ್ತು. ಇಡ್ಲಿ ತಿನ್ನುತ್ತಿದ್ದವರು ಇವಳಿಗೆ ಎಂತ ಆಯಿತು ಅಂತ ನೋಡಿದರು. ಅಷ್ಟು ದೂರದಲ್ಲಿ, ಪೊರೆ ತೆಗೆದ ಒಂದು ಕಣ್ಣು, ಪೊರೆ ಇರುವ ಒಂದು ಕಣ್ಣು ಇಟ್ಟುಕೊಂಡು, ನಮ್ಮ ಮೆಟ್ಟಿಲಿನ ಕೆಳಗಿನ ಕೋಣೆಯನ್ನು ನೀವು ಹೇಗೆ ಕಂಡಿರಿ?

ಇವರು ಪಾರ್ಸೆಲ್ ಮೇಜಿನ ಹತ್ತಿರ ನಾರು ಸೀಳುತ್ತಾ ಕೂತಿದ್ದರು. ಎದುರಿಗೆ ನಿಂತು ಕೇಳಿದೆ, "ನಿಮಗೆ ಬಣ್ಣ ಕಾಣುತ್ತದಾ ಇಲ್ಲವಾ?"

ತಲೆ ಎತ್ತಿ ನೋಡಿದರು. "ಗಿಳಿಹಸಿರು ಸೀರೆ. ಸೆರಗಿನ ತುದಿಯಲ್ಲಿ ನೀಲಿ ಇಂಕಿನ ಕಲೆ ಉಂಟು. ಒಗೆಯುವಾಗ ಹೇಳಬೇಕು ಅಂತಿದ್ದೆ."

"ಚೀಟಿ ಕೆಂಪಾದದ್ದು ಗೊತ್ತಿತ್ತಾ?"

"ಹೂಂ."

"ಮತ್ತೆ ಎಂತಕ್ಕೆ ಹೇಳಲಿಲ್ಲ ನೀವು?"

"ಹೇಳಿದರೆ ಆ ಕುರ್ಚಿಯಲ್ಲಿ ಕೂರುತ್ತೀಯಾ ನೀನು? ಮರುದಿನವೇ ತರಕಾರಿ ಹೆಚ್ಚಲು ಓಡುತ್ತೀ. ನನ್ನ ಕಣ್ಣಿಗೆ ವಯಸ್ಸಾಯಿತು ಅಂದರೆ ಯಾರೂ ಎಂತದೂ ಹೇಳಲಿಕ್ಕಿಲ್ಲ ಅಂತ ಮಾಡಿದೆ."

"ಊರಿಗೆ ಹೋಗು ಅಂದರಲ್ಲ!"

"ಅಂದರು. ಅಷ್ಟು ಆಗುತ್ತದೆ ಅಂತ ನಾನು ಎಣಿಸಲಿಲ್ಲ ಮಾರಾಯ್ತಿ" ಅಂದು ನಾರು ಸೀಳಲು ಶುರುಮಾಡಿದರು.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಈಗ ಗೊತ್ತಾಯಿತು. ಕಣ್ಣು ಸರಿ ಇದೆ ಅಂತ ಡಾಕ್ಟರು ಬರೆದುಕೊಟ್ಟರೆ ಆಮೇಲೆ ಎಲ್ಲರೂ ನನ್ನ ಪ್ರಿಂಟರಿನ ಕಡೆ ತಿರುಗುತ್ತಾರಲ್ಲ. ನಾನು ಅವರನ್ನು ಹೆದರುಪುಕ್ಕಲ ಅಂದುಕೊಂಡಿದ್ದೆ. ಇಷ್ಟು ವರ್ಷ ಒಟ್ಟಿಗೆ ಇದ್ದು ಈ ಮನುಷ್ಯನನ್ನು ನಾನು ನೋಡಿಯೇ ಇಲ್ಲವಾ ಅಂತ ಅನಿಸಿತು.

ಅಲ್ಲಿಂದ ನೆಟ್ಟಗೆ ಕಿಟ್ಟಣ್ಣನ ಹತ್ತಿರ ಹೋಗಿ, ಕೋಣೆಗೆ ಕರೆದು, ಕೆಂಪು ಪೆನ್ನು ಕೈಗೆ ಕೊಟ್ಟು, "ಧಣಿ, ನಿಮ್ಮ ಹೆಸರು ಬರೆಯಿರಿ" ಅಂದೆ. ಬರೆದರು. ದೇವರ ಮುಂದೆ ಹಿಡಿದು ತುಂಬಾ ಹೊತ್ತು ನೋಡಿದರು. "ಎಲಾ, ನಾನೇ ಮಾಯ!" ಅಂದರು. ಆಮೇಲೆ ಎಲ್ಲ ಹೇಳಿದೆ, ಗುಂಡಿ ಎಳೆದದ್ದೂ, ನಾರು ಕಟ್ಟಿದ್ದೂ. ನನ್ನನ್ನು ತರಕಾರಿಗೆ ಕಳಿಸಿ ಅಂತಲೂ ನಾನೇ ಹೇಳಿದೆ. "ತರಕಾರಿಗೆ ಜನ ಉಂಟು. ನೀನು ಮೊದಲು ಟ್ಯೂಬ್‌ಲೈಟು ಹಾಕಿಸು" ಅಂದರು. ದೀಕ್ಷಿತ್ ಗುಂಡಿಯನ್ನು ನಡುವಿಗೆ ತಂದುಕೊಟ್ಟ. ಮುಖ ಗಂಟು ಹಾಕಿ, "ಅಕ್ಕಾ, ಇನಿಮೇ..." ಅಂತ, ಇನ್ನು ಮೇಲೆ ಅಂತ, ಶುರುಮಾಡಿದವನು, ಬಲ್ಬು ತಂದದ್ದು ತಾನೇ ಅಂತ ನೆನಪಾಯಿತೋ ಏನೋ, ಅಲ್ಲಿಗೇ ಬಿಟ್ಟ.

ಮೊನ್ನೆ ಆಯುಧ ಪೂಜೆ ಆಯಿತು. ಪ್ರಿಂಟರಿಗೆ, ರುಬ್ಬುವ ಯಂತ್ರಕ್ಕೆ, ಗಾಡಿಗಳಿಗೆಲ್ಲ ಕಿಟ್ಟಣ್ಣನೇ ಕುಂಕುಮ ಹಚ್ಚಿದರು. ಪಾರ್ಸೆಲ್ ಮೇಜಿನ ಹತ್ತಿರ ಬಂದವರು ನಿಂತರು. ಊರಿಗೆ ಹೋಗುವ ವಿಷಯವನ್ನು ಅವರು ಇನ್ನೂ ವಾಪಸು ತೆಗೆದುಕೊಂಡಿರಲಿಲ್ಲ. ಕುಂಕುಮದ ಬಟ್ಟಲನ್ನು ಇವರ ಕೈಗೆ ಕೊಟ್ಟು, "ಇದಕ್ಕೆ ನೀನೇ ಹಚ್ಚು ಐತಾ. ಮುಂದಿನ ವರ್ಷವೂ ನೀನೇ" ಅಂದರು. ಇವರು ಮೇಜಿನ ನಾಲ್ಕು ಮೂಲೆಗೂ ಹಚ್ಚಿದರು. ಕಾಲುಗಳಿಗೂ ಹಚ್ಚಿದರು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದವರ ಹಾಗೆ ಹಚ್ಚುತ್ತಲೇ ಇದ್ದರು.

ಹೊಸ ಹಳದಿ ಚೀಟಿ ಬಂದ ಮೇಲೆ ನಾರು ಕಟ್ಟುವುದು ಬಿಟ್ಟರು. ಕೂಡಲೇ ಅಂಬುಜಮ್ಮನವರ ಫೋನು. "ನಾರು ಯಾಕೆ ಬಿಟ್ಬಿಟ್ರಿ? ಚೀಟಿ ಗೀಟಿ ನಂಗೆ ವೇಂಡಾಂ. ನಾರು ಇದ್ರೆ ತಾನೆ ನಾನು ಮುಚ್ಚಳ ತೆಗೆಯೋದು!" ಅವರ ಒಂದು ಡಬ್ಬಿಗೆ ಮಾತ್ರ ಇವರು ಈಗಲೂ ನಾರು ಕಟ್ಟುತ್ತಾರೆ. ಮಲ್ಲಿಗೆ ಕಟ್ಟಿದ ಹಾಗೆ ಚಂದ ಗಂಟು ಹಾಕುತ್ತಾರೆ. ಅದನ್ನು ನೋಡಲಿಕ್ಕೇ ನಾನು ಊಟದ ಹೊತ್ತಿಗೆ ಮುಂಚೆ ಹೊರಗೆ ಬರುತ್ತೇನೆ.

ನಿಮ್ಮ ಎಡಗಣ್ಣಿನ ಆಪರೇಶನ್ ಯಾವಾಗ? ವೀಕ್ಷಾಳಿಗೆ ನನ್ನ ನೆನಪು ಹೇಳಿ, ಅವಳಿಗೆ ದೃಷ್ಟಿ ತೆಗೆಯಿರಿ.

ಇದರ ಜೊತೆ ಒಂದು ಹಳದಿ ಚೀಟಿ ಇಟ್ಟಿದ್ದೇನೆ, ನಾರು ಸುತ್ತಿ. ಇದನ್ನು ನಾನು ಎದುರು ಬಾಗಿಲಿಗೆ ತಂದು ಬಿಸಿಲಿನಲ್ಲಿ ಇವರಿಗೆ ತೋರಿಸಿದೆ. "ಸರಿ ಉಂಟು" ಅಂದರು. ಆದರೆ ಅಕ್ಕಾ, ನನ್ನ ಮನಸ್ಸು ನೋಯಬಾರದು ಅಂತ ನಿಜ ಹೇಳದೇ ಇದ್ದ ಮನುಷ್ಯ ಅದು, ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದರೂ ಹೇಳಿಯಾರು. ನಿಜವಾಗಿ ಸರಿ ಉಂಟಾ? ನಿಮ್ಮ ಬಲಗಣ್ಣಿನಲ್ಲಿ, ಕಿಟಕಿಯ ಹತ್ತಿರ, ಆ ಹಳದಿಯೊಂದನ್ನು ಇನ್ನೊಮ್ಮೆ ನೋಡಿ ಹೇಳಿ.

ನಿಮ್ಮ
ರತ್ನಾವತಿ